ಪಕ್ಕದ ಲೇನಿನ ಹುಡುಗಿ

ಜನವರಿ ೩

ಪ್ರೀತಿಯ ಗುಬ್ಬಿಗೆ ಅಪ್ಪನ ಆಶೀರ್ವಾದಗಳು.

ಅತ್ತೆಯ ಮನೆಯಿಂದ ನೀನು ಬರೆದ ಕಾಗದ ತಲುಪಿತು. ಕ್ಷೇಮ ಸಮಾಚಾರ ಇಲ್ಲ, ನಮಸ್ಕಾರ ಇಲ್ಲ, ನೆಟ್ಟಗೆ ಒಂದೇ ಪ್ರಶ್ನೆ: ಆಯ್ಕೆಯ ದಿನ ಕ್ರೀಡಾ ಹಾಸ್ಟೆಲಿನ ಕೋಚ್ ಮೇಡಂ ನನ್ನ ಬಗ್ಗೆ ಏನಾದರೂ ಕೇಳಿದರಾ ಅಂತ. ಮೊನ್ನೆಯಷ್ಟೇ ಹನ್ನೆರಡು ತುಂಬಿತು, ಆಗಲೇ ಎಷ್ಟು ಬಿಗುಮಾನ ನಿನಗೆ! ಹೇಳುತ್ತೇನೆ, ಅವಸರ ಮಾಡಬೇಡ.

ಅವಸರ ನಿನ್ನ ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ. ಅವಳಿ ಮಕ್ಕಳು, ಇಬ್ಬರೂ ಹೊಸ ವರ್ಷದ ದಿನ ಹುಟ್ಟಬಹುದಿತ್ತು. ನಿನ್ನ ತಮ್ಮ ದೊರೆ ತಾಳ್ಮೆಯಿಂದ ಕಾದು ಜನವರಿ ಒಂದಕ್ಕೆ ಬಂದ. ನೀನು ಇಪ್ಪತ್ತು ನಿಮಿಷ ಮುಂಚೆ ನುಗ್ಗಿ ಡಿಸೆಂಬರಿನ ಕೊನೆಯ ದಿನಕ್ಕೆ ಬಂದು ಬಿದ್ದೆ. ಸ್ಪರ್ಧೆಗಳಲ್ಲಿ ಗುಂಪು ಮಾಡುವುದು ಹುಟ್ಟಿದ ವರ್ಷ ನೋಡಿ. ಹಾಗಾಗಿ ನಿನ್ನ ಗುಂಪಿಗೆ ನೀನೇ ಕಿರಿಯಳು, ಅವನ ಗುಂಪಿಗೆ ಅವನೇ ಹಿರಿಯ. ನೀನು ನಿನಗಿಂತ ಗೇಣುದ್ದ ಎತ್ತರದ ಹುಡುಗಿಯರ ಜೊತೆ ಈಜಿ ಪ್ರತಿ ಸಲವೂ ನಾಲ್ಕನೆಯವಳಾದೆ, ಅವನು ಪುಟ್ಟ ಹುಡುಗರ ನಡುವೆ ಈಜಿ ಪದಕ ತಂದ. ಇದು ಅನ್ಯಾಯ ಎನ್ನುತ್ತಾಳೆ ನಿಮ್ಮಮ್ಮ. ಇರಬಹುದು. ಆದರೆ ಕಾರಣಗಳನ್ನು ಗೋಡೆಗೆ ನೇತುಹಾಕಲು ಆಗುತ್ತದೆಯೇ? ಪದಕ ನೇತುಹಾಕಿದ್ದೇವೆ, ಬಂದವರು ನೋಡುತ್ತಾರೆ.

ಅಭ್ಯಾಸದಲ್ಲಿ ನೀನು ಅವನನ್ನು ಸೋಲಿಸುತ್ತೀಯ, ಅದೂ ನಿಜ. ನಾನೇನು ಕುರುಡನಲ್ಲ, ಸ್ಟಾಪ್‌ವಾಚ್ ಇರುವುದು ನನ್ನ ಕೈಯಲ್ಲೇ. ಆದರೆ ಹೆಣ್ಣುಮಕ್ಕಳು ಬೇಗ ಬೆಳೆದು ಬೇಗ ನಿಂತುಬಿಡುತ್ತಾರೆ, ಗಂಡುಹುಡುಗನ ಹೆಗಲು ಹಿಗ್ಗುವುದು ಇನ್ನು ಮೇಲೆ. ಈಜುಕೊಳದ ದಂಡೆಯಲ್ಲಿ ನಿಂತು ಅರ್ಧ ಆಯಸ್ಸು ಕ್ಲೋರಿನ್ ವಾಸನೆ ಕುಡಿದವನು ನಾನು, ನನಗೆ ಗೊತ್ತಾಗದೆ? ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದೆ. ಇವಳ ಮೊಳಕೆಯನ್ನು ತುಳಿದವರು ಯಾರು ಅಂತ ಕೇಳಿ ನಿಮ್ಮಮ್ಮ ಪಾತ್ರೆ ಕುಕ್ಕಿದಳು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದಳು. ಈ ಕಾಗದಕ್ಕೆ ಒಂದು ಸಾಲು ಸೇರಿಸು ಎಂದರೂ ಒಪ್ಪಲಿಲ್ಲ.

ಅಭ್ಯಾಸದಲ್ಲೂ ಅವನ ಆಯ್ಕೆಯ ದಿನವೂ ನಿನ್ನನ್ನು ಅವನ ಪಕ್ಕದ ಲೇನಿಗೆ ಹಾಕಿದ್ದು ಏಕೆ ಅಂತ ನಿನಗೆ ಮೊದಲಿನಿಂದ ಗೊತ್ತು. ನೀನು ಸ್ವಲ್ಪ ಮುಂದಿದ್ದರೆ ಅವನಿಗೆ ರೋಷ ಬಂದು ಕೈಕಾಲು ಚುರುಕಾಗುತ್ತವೆ. ಗೋಡೆ ಹತ್ತಿರ ಬಂದಾಗ ಕೈ ಸಡಿಲಿಸು, ಅವನು ಮೊದಲು ಮುಟ್ಟಲಿ ಅಂತ ಎಷ್ಟು ಸಲ ಹೇಳಿಕೊಟ್ಟಿದ್ದೆ! ಇಷ್ಟು ದಿನ ಕೇಳಿದವಳು ಆಯ್ಕೆಯ ದಿನವೇ ಕೇಳಲಿಲ್ಲ. ಗೋಡೆ ಮುಟ್ಟಿ, ಈಜುಗನ್ನಡಕ ಹಣೆಗೇರಿಸಿ, ನನ್ನ ಕಡೆ ನೋಡಿ ನಕ್ಕೆ. ಅವನು ಆಮೇಲೆ ಬಂದ. ಅಷ್ಟು ಜನರ ಮುಂದೆ ತಮ್ಮನ ಮಾನ ಹೋಗುತ್ತದೆ ಎಂಬ ಯೋಚನೆ ನಿನಗೆ ಬರಲಿಲ್ಲ. ಆ ನಗುವಿಗೆ ಬಟ್ಟೆ ಬದಲಿಸುವ ಕೋಣೆಯ ಹೊರಗೆ ಒಂದು ಏಟು ಬಿತ್ತು. ಅಷ್ಟಕ್ಕೇ ಗಂಟುಮೂಟೆ ಕಟ್ಟಿಕೊಂಡು ಅತ್ತೆಯ ಮನೆ ಸೇರಿದೆ. ಒಂದೇಟಿಗೆ ಇಷ್ಟು ರಂಪವೇ?

ಈಗ ವಿಷಯಕ್ಕೆ ಬರುತ್ತೇನೆ. ದೊರೆಯನ್ನು ಹಾಸ್ಟೆಲಿಗೆ ಸೇರಿಸಿಕೊಳ್ಳುವ ಮೊದಲು ತಿಂಗಳ ಕೊನೆಗೆ ಇನ್ನೊಮ್ಮೆ ಈಜಿಸಿ ನೋಡುತ್ತಾರಂತೆ. ನೀನು ಹೋದಮೇಲೆ ಅವನು ಒದ್ದೆ ಕಂಬಳಿಯ ಹಾಗೆ ನೀರಿನಲ್ಲಿ ಮೈ ಎಳೆದುಕೊಂಡು ಹೋಗುತ್ತಿದ್ದಾನೆ. ಬೇರೆ ಹುಡುಗರನ್ನು ಪಕ್ಕಕ್ಕೆ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಅಕ್ಕ ಯಾವಾಗ ಬರ್ತಾಳೆ ಅಂತ ದಿನಾ ಕೇಳುತ್ತಾನೆ. ನೋಡಿದೆಯಾ, ನಿನ್ನ ಬೆಲೆ ನಮಗೆ ಗೊತ್ತಿಲ್ಲವೆಂದು ತಿಳಿಯಬೇಡ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ನಿನ್ನ ಟವೆಲು ಬಾಗಿಲ ಹಿಂದೆ ನೀನು ಹಾಕಿದ ಹಾಗೆಯೇ ಇದೆ. ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಬಾ. ಈ ಸಲವಾದರೂ ಕೊನೆಯಲ್ಲಿ ಕೈ ಸಡಿಲಿಸು, ನಾನು ಹಳೆಯದನ್ನೆಲ್ಲ ಮರೆತುಬಿಡುತ್ತೇನೆ.

ಸದಾ ನಿನ್ನ ಒಳ್ಳೆಯದನ್ನೇ ಬಯಸುವ,
ಅಪ್ಪ

ತಾ.ಕ.: ನಿನ್ನ ಪ್ರಶ್ನೆಯನ್ನು ಮರೆತೇಬಿಟ್ಟಿದ್ದೆ. ಹೌದು, ಮೇಡಂ ಕೇಳಿದರು. ಪಕ್ಕದ ಲೇನಿನ ಹುಡುಗಿ ಯಾರು, ಹುಡುಗಿಯರಿಗೂ ಒಂದು ಜಾಗ ಖಾಲಿ ಇದೆ ಎಂದರು. ಅವನ ಅಕ್ಕ, ಹಿಂದಿನ ವರ್ಷ ಹುಟ್ಟಿದವಳು ಎಂದೆ. ಓ, ಒಂದು ವರ್ಷ ದೊಡ್ಡವಳಾ, ಹಾಗಾದ್ರೆ ಅವನನ್ನ ಸೋಲಿಸಿದ್ದರಲ್ಲಿ ದೊಡ್ಡಸ್ತಿಕೆ ಏನಿಲ್ಲ ಬಿಡಿ ಅಂತ ಪೆನ್ನಿಗೆ ಮುಚ್ಚಳ ಹಾಕಿಕೊಂಡರು. ನಾನು ಸುಳ್ಳೇನೂ ಹೇಳಲಿಲ್ಲ. ಅವಳಿಗಳಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬರುವಾಗ ಹಳೆಯ ಈಜುಡುಗೆಯನ್ನೇ ತಾ, ಹೊಸದು ಕೊಡಿಸುವುದು ಬೇಡವೆಂದು ಅತ್ತೆಗೆ ಹೇಳು.