ಮನೆಯವರು ಎಂಬ ಪದ

ಕಚೇರಿ, ಮೂರನೆಯ ಮಹಡಿ
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅತ್ತಿಗೆ,

ಅಮ್ಮನ ಚಿಕಿತ್ಸೆ ಈ ಸಲ ಹೇಗಾಯಿತು? ಊಟ ಸೇರುತ್ತಿದೆಯೇ? ಹದಿನಾರು ಗಂಟೆ ಬಸ್ಸಿನಲ್ಲಿ ಕೂತ ನಿಮ್ಮ ಸೊಂಟ ಹೇಗಿದೆ? ಇದನ್ನು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀವು ನಗುತ್ತಲೇ ಹೇಳಿದಿರಿ: “ವಿಮಾನದ ಟಿಕೆಟ್ ಕೌಂಟರಿನವಳು, ನೀವು ಅತ್ತೆಗೆ ಏನೂ ಅಲ್ಲ ಅಂದ್ಬಿಟ್ಳು ಕಣೇ. ವಿನಾಯಿತಿ ರಕ್ತಸಂಬಂಧಿಗೆ ಮಾತ್ರವಂತೆ. ನನ್ನ ತೆರಿಗೆ ಟಿಕೆಟ್ಟಿಗಿಂತ ಜಾಸ್ತಿ! ಅತ್ತೇನ ವಿಮಾನ ಹತ್ತಿಸಿ ನಾನು ಬಸ್ ಹಿಡಿದೆ.” ಸೀಟಿನ ಬೆಲ್ಟ್ ಬಿಚ್ಚಲು ಬಾರದೆ ಅಮ್ಮ, ಎಲ್ಲರೂ ಇಳಿದ ಮೇಲೂ ಕೂತೇ ಇದ್ದಳಂತೆ. ಅದಕ್ಕೂ ನಕ್ಕಿರಿ. ನಾನೂ ನಕ್ಕೆ. ಆಗಲೇ ಹೇಳಬೇಕಿತ್ತು.

ಆ ‘ರಕ್ತಸಂಬಂಧಿ’ ನನ್ನ ಕೈಬರಹ, ಅತ್ತಿಗೆ. ವಿಮಾನ ಪ್ರಯಾಣದ ಹೊಸ ತೆರಿಗೆಯ ಕರಡಿನಲ್ಲಿ ಭಾಷೆ ತಿದ್ದುವ ಕೆಲಸ ನನ್ನದಾಗಿತ್ತು. ವರ್ಷದ ಮೊದಲ ಪ್ರಯಾಣಕ್ಕೆ ತೆರಿಗೆ ಇಲ್ಲ, ಮತ್ತೆ ಮತ್ತೆ ಹಾರಿದಷ್ಟೂ ಹೆಚ್ಚು. ಹೊಗೆಯೂ ಇಳಿಯಬೇಕು, ಸಣ್ಣ ನಿಲ್ದಾಣಗಳಲ್ಲಿ ಪೆಟ್ಟಿಗೆ ಹೊರುವವರ ಕೆಲಸವೂ ಉಳಿಯಬೇಕು ಎಂದು ತಿಂಗಳುಗಟ್ಟಲೆ ಜಗ್ಗಾಡಿ ಮಾಡಿದ ನಿಯಮ. ಅದು ಸರಿಯೆಂದೇ ಈಗಲೂ ನನ್ನ ನಂಬಿಕೆ. ಪದೇ ಪದೇ ಆಸ್ಪತ್ರೆಗೆ ಹಾರಬೇಕಾದ ರೋಗಿಗೂ ‘ಜೊತೆಗೆ ಹೋಗುವ ಮನೆಯವರಿಗೂ’ ವಿನಾಯಿತಿ ಎಂದು ಹಿರಿಯ ಗುಮಾಸ್ತರು ಬರೆದಿದ್ದರು. ಸಭೆಯಲ್ಲಿ ಎಂದೂ ಬಾಯಿ ಬಿಡದ ನಾನು ಅಂದು ಬಿಟ್ಟೆ: “ಸರ್, ಮನೆಯವರು ಅಂದ್ರೆ ಗಂಡ ಅಂತಾನೂ ಅರ್ಥ. ಗಂಡಂದಿರಿಗೆ ಮಾತ್ರ ವಿನಾಯಿತಿ ಅಂದ್ಕೋತಾರೆ.” ಎಲ್ಲರೂ ಗೊಳ್ಳೆಂದರು. “ಸಾಹಿತ್ಯ ಓದಿದೋರು ಒಬ್ರಿರ್ಬೇಕು ನೋಡಿ,” ಎಂದರು ಮೇಲಧಿಕಾರಿ. ಆ ಹೊಗಳಿಕೆಗೆ ಉಬ್ಬಿ, ಹಿಂದೆ ಮುಂದೆ ನೋಡದೆ ‘ರಕ್ತಸಂಬಂಧಿ’ ಎಂದು ತಿದ್ದಿದೆ. ಅಣ್ಣ ತೀರಿಕೊಂಡ ಮೇಲೂ ಅಮ್ಮನ ತಲೆ ಬಾಚುವ, ಮಾತ್ರೆ ನುಂಗಿಸುವ ನೀವು ನನಗೆ ನೆನಪಿಗೇ ಬರಲಿಲ್ಲ. ರಕ್ತಸಂಬಂಧಿ ನಾನಿದ್ದೇನಲ್ಲ, ಒಂದು ಸಲವೂ ಅಮ್ಮನ ಜೊತೆ ಆಸ್ಪತ್ರೆಗೆ ಹೋದವಳಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ. ನನ್ನನ್ನು ಬೈಯಲಾದರೂ ಶಕ್ತಿ ಬೇಕು.

ನಿಮ್ಮ
ಪುಸ್ತಕದ ಹುಳು

ಮುಖ್ಯವಾದದ್ದೇ ಉಳಿಯಿತು: ನಿಯಮ ಜಾರಿಯಾಗಿದ್ದರೂ ಆಕ್ಷೇಪಣೆ ಸಲ್ಲಿಸಬಹುದು, ಇಪ್ಪತ್ತೊಂದನೇ ತಾರೀಖು ಕಡೆಯ ದಿನ. ತಪ್ಪು ನನ್ನದೆಂದು ಇವತ್ತು ಮೇಲಧಿಕಾರಿಗೆ ಹೇಳಿದೆ. ತೊಂದರೆಯಾದವರೇ ಬರೆದುಕೊಟ್ಟರೆ ಮಾತ್ರ ತಿದ್ದಬಹುದಂತೆ. ಖಾಲಿ ಅರ್ಜಿ ಇದೇ ಲಕೋಟೆಯಲ್ಲಿದೆ. ಒಕ್ಕಣೆ ನಾನೇ ಬರೆಯೋಣವೆಂದು ಕೂತೆ, ಆಗಲಿಲ್ಲ. ಅಮ್ಮನಿಗೆ ನೀವು ಏನಾಗಬೇಕು ಎಂಬುದನ್ನು ನೀವೇ ಬರೆಯಿರಿ. ನಾನು ಒಂದಕ್ಷರವನ್ನೂ ತಿದ್ದುವುದಿಲ್ಲ.