ಮಾಯವ್ವನ ಮಧುನಾಶಿನಿ

ಜುಲೈ ೧೬, ಬುಧವಾರ

ಲ್ಯಾಬಿನ ಮುಖ್ಯಸ್ಥ ಶಿರಗುಪ್ಪಿಯನ್ನು ಈ ಡೈರಿಯಲ್ಲಾದರೂ ‘ಸರ್’ ಎನ್ನುವುದಿಲ್ಲ. ಅವನ ಹೆಸರು ಬರೆಯಲೂ ಮೈಯುರಿಯುತ್ತಿದೆ.

ನಮ್ಮ ಗೋಕಾಕದ ಲ್ಯಾಬಿನಲ್ಲಿ ಬಾಟಲಿಗಳೊಳಗೆ ಬೆಳೆಸಿದ ಸಾವಿರಾರು ಮಧುನಾಶಿನಿ ಸಸಿಗಳು ಒಂದೇ ಬಳ್ಳಿಯ ತುಣುಕಿನಿಂದ ಬಂದವು. ಅದನ್ನು ಕೊಟ್ಟವಳು ಹುಕ್ಕೇರಿ ಕಡೆ ಕುರಿ ಕಾಯುವ, ಸಕ್ಕರೆ ಕಾಯಿಲೆಗೆ ಅದರ ಎಲೆಯ ಔಷಧಿ ಕೊಡುವ ಮಾಯವ್ವ. ಇವತ್ತು ಆಕೆಯೇ ಬಂದಿದ್ದಳು. ಗುಡ್ಡದ ಆ ಮೂಲ ಬಳ್ಳಿಯನ್ನು ಯಾರೋ ಬೇರುಸಮೇತ ಕಿತ್ತೊಯ್ದಿದ್ದಾರಂತೆ.

“ಎರಡ ಸಸಿ ಕೊಡ್ರಿ ಸಾಹೇಬ್ರ, ಮತ್ತ ಹಚ್ಚತೇನಿ.”

“ಇದು ಲ್ಯಾಬಿನ ಮಾಲು. ಕಂಡಕಂಡವ್ರಿಗೆ ಕೊಡಾಕ ಬರೂದಿಲ್ಲ, ನಡಿ,” ಎಂದ ಶಿರಗುಪ್ಪಿ, ತಲೆಯನ್ನೂ ಎತ್ತದೆ.

ನಾನು ಪಕ್ಕದಲ್ಲೇ ಚಿಮಟ ಹಿಡಿದು ಸುಮ್ಮನೆ ನಿಂತಿದ್ದೆ.

ಆಕೆ ಹೋದ ಮೇಲೆ ತಡೆಯಲಾಗಲಿಲ್ಲ. ಬಾಟಲಿಯಿಂದ ತೆಗೆದ ಸಸಿಗಳನ್ನು ಮಣ್ಣಿಗೆ ಒಗ್ಗಿಸುವ ನೆರಳುಮನೆಯಿಂದ ನಾಲ್ಕು ಸಸಿ ಎತ್ತಿಕೊಂಡು ಅವನೆದುರಿನಿಂದಲೇ ಹೊರಬಿದ್ದೆ.

“ಕೈನಾತ, ನಾಳಿಂದ ಕೆಲಸಕ್ಕ ಬರಬ್ಯಾಡ!” ಎಂದು ನನ್ನ ಹೆಸರು ಹಿಡಿದು ಕಿರುಚಿದ. ಕಿರುಚಲಿ, ಗಂಟಲು ಹರಿಯಲಿ.

ಮಾಯವ್ವ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಸಸಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ನಗುತ್ತಾಳೆ ಅಂದುಕೊಂಡಿದ್ದೆ.

“ಅಂವ ನನಗ ನಡಿ ಅಂದಾಗ ನಿನ್ನ ಬಾಯಿಗೇನ ಆಗಿತ್ತ, ತಂಗಿ?”

ಬಸ್ಸು ಬಂತು, ಹತ್ತಿ ಹೋದಳು.

ಕೆಲಸ ಹೋದದ್ದಕ್ಕೆ ಅಳು ಬರುತ್ತಿಲ್ಲ. ಆದರೆ ಈ ಸಿಟ್ಟು ಪೂರ್ತಿಯಾಗಿ ಅವನ ಮೇಲೇ ನಿಲ್ಲುತ್ತಿಲ್ಲ. ಆಗಲೇ, ಆಕೆ ಅಲ್ಲಿರುವಾಗಲೇ, ಒಂದೇ ಒಂದು ಮಾತು ನಾನು ಆಡಬೇಕಿತ್ತು.