ಮೇಲಿನ ಪೋರ್ಷನ್ ಖಾಲಿ ಇದೆ

ಫೆಬ್ರವರಿ 3, ಸೋಮವಾರ

ಮತ್ತೆ ಫ್ಯಾನಿನ ಜಗಳ. ಜಗಳ ಎಂದರೆ ಮಾತೇನಿಲ್ಲ. ನಾನು ಐದಕ್ಕೆ ಇಡುತ್ತೇನೆ. ಇವರು ಎದ್ದು ಒಂದಕ್ಕೆ ತಿರುಗಿಸಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಮಲಗುತ್ತಾರೆ. ಸೈನಸ್. ಪಾಪ, ಅವರ ತಪ್ಪೂ ಅಲ್ಲ. ನನಗೋ ಕತ್ತಿನಿಂದ ಬಿಸಿ ಏರಿ ನೈಟಿ ಒದ್ದೆ, ದಿಂಬು ಒದ್ದೆ... ಆಮೇಲೆ ಚಳಿ. ಆಮೇಲೆ ಎದೆ ಡವಡವ. ಯಾಕೆ ಎಂದರೆ ಕಾರಣವೇ ಇಲ್ಲ.

ಕಾಲೇಜಿಗೆ ಹೊರಟವಳು ಹಾವನೂರು ಸರ್ಕಲ್‌ನಿಂದ ಸ್ಕೂಟಿ ತಿರುಗಿಸಿಕೊಂಡು ಬಂದೆ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ. ಆಫ್ ಆಗಿಯೇ ಇತ್ತು. ಅತ್ತೆ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು.

“ಏನಮ್ಮ ಮರೆತೆ?”

“ಛತ್ರಿ.”

ಫೆಬ್ರವರಿಯಲ್ಲಿ ಯಾವ ಛತ್ರಿ. ಆಡಿದ ಮಾತಿಗಾಗಿ ಛತ್ರಿ ಹಿಡಿದುಕೊಂಡೇ ಆಫೀಸಿಗೆ ಹೋದೆ. ಅಡ್ಮಿಷನ್ ಸೆಕ್ಷನ್‌ನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ಫೆಬ್ರವರಿ 5

ಅರ್ಧ ದಿನ ರಜ ಹಾಕಿ ಕಮಲಾನಗರದ ಲೇಡಿ ಡಾಕ್ಟರ್ ಹತ್ತಿರ ಹೋದೆ. ಮನೆಯಲ್ಲಿ ಹೇಳಲಿಲ್ಲ. ಚಿಕ್ಕ ವಯಸ್ಸಿನವರು, ಆದರೆ ಪೂರ್ತಿ ಕೇಳಿಸಿಕೊಂಡರು.

“ಮುಟ್ಟು ನಿಲ್ಲೋ ಸಮಯ ಇದು. ನಿದ್ದೆ ಕೆಡೋದು, ಗಾಬರಿ, ಬೆವರೋದು, ಎಲ್ಲ ಅದರದ್ದೇ. ನಿಮಗೆ ತಲೆಗಿಲೆ ಕೆಟ್ಟಿಲ್ಲ ಮೇಡಂ.”

ನಾನು ಅದನ್ನು ಕೇಳಿರಲೇ ಇಲ್ಲ. ಅವರಾಗಿಯೇ ಹೇಳಿದರು. ಕಣ್ಣಲ್ಲಿ ನೀರು ಬಂತು. ಎಷ್ಟು ತಿಂಗಳಿಂದ ಅದೇ ಹೆದರಿಕೆ ಹೊತ್ತು ತಿರುಗುತ್ತಿದ್ದೆ.

ರಕ್ತ ಪರೀಕ್ಷೆ ಬರೆದುಕೊಟ್ಟರು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ವಾಕಿಂಗ್. ತಣ್ಣಗಿರೋ ರೂಮಲ್ಲಿ ಮಲಗಿ. ರಿಪೋರ್ಟ್ ನೋಡಿ ಮಾತ್ರೆ ವಿಚಾರ ಮಾಡೋಣ. “ಮನೇಲಿ ಹೇಳಿದ್ದೀರಾ?” ಎಂದರು. ಸುಮ್ಮನೆ ತಲೆಯಾಡಿಸಿದೆ. ಅದು ಹೌದೋ ಅಲ್ಲವೋ ಅವರಿಗೂ ಗೊತ್ತಾಗಲಿಲ್ಲ.

ಸಂಜೆ ಇವರು ಡಾಕ್ಟರ್ ಚೀಟಿ ನೋಡಿ, “ಏನಂತೆ?” ಎಂದರು.

“ಕ್ಯಾಲ್ಸಿಯಂ ಕಮ್ಮಿಯಂತೆ.”

“ಹಾಲು ಕುಡಿಯಲ್ಲ ನೀನು. ಅದಕ್ಕೇ.”

ಮುಗಿಯಿತು.

ಫೆಬ್ರವರಿ 9, ಭಾನುವಾರ

ಮೇಲಿನ ಪೋರ್ಷನ್‌ನವರು ಖಾಲಿ ಮಾಡಿಕೊಂಡು ಹೋದರು. ಗುಡಿಸಲು ನಾನೇ ಹತ್ತಿದೆ. ಮೆಟ್ಟಿಲು ಮುಗಿದ ಕೂಡಲೇ ಎಡಕ್ಕೆ ಆ ಸಣ್ಣ ರೂಮು, ಹೊರಗಿನಿಂದಲೇ ಬಾಗಿಲು. ಕಿಟಕಿ ತೆರೆದೆ. ಗಾಳಿ ಅಂದರೆ ಗಾಳಿ. ನೆಲ ತಣ್ಣಗಿತ್ತು. ಒಂದು ನಿಮಿಷ ಬೆನ್ನು ಚಾಚೋಣ ಅಂತ ಮಲಗಿದೆ, ಅಷ್ಟೇ. ಅತ್ತೆ ಕೆಳಗಿನಿಂದ ಕೂಗಿದಾಗ ಬಿಸಿಲು ಗೋಡೆಯಿಂದ ಇಳಿದುಹೋಗಿತ್ತು. ಪೊರಕೆ ಕೈಯಲ್ಲೇ ಇತ್ತು.

ಕೆನ್ನೆಯ ಮೇಲೆ ನೆಲದ ಮೊಸಾಯಿಕ್ ಗುರುತು. ಎಷ್ಟು ಸುಖ ಎಂದು ಬರೆಯಲೂ ನಾಚಿಕೆ.

ಫೆಬ್ರವರಿ 14

ಈಗ ದಿನಾ ಮೇಲೆ. ಇವರ ಗೊರಕೆ ಶುರುವಾದ ಮೇಲೆ ಫ್ರಿಜ್ ಪಕ್ಕದ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಹೋಗುತ್ತೇನೆ. ಚಾಪೆ, ದಿಂಬು ಸಜ್ಜೆಯ ಮೇಲೆ ಅಡಗಿಸಿಟ್ಟಿದ್ದೇನೆ. ನಿದ್ದೆ ಬಂದರೆ ಮಲಗುತ್ತೇನೆ. ಬರದಿದ್ದರೆ ಖಾಲಿ ಹಾಲ್‌ನಲ್ಲಿ ಓಡಾಡುತ್ತೇನೆ. ಲೈಟ್ ಹಾಕುವುದಿಲ್ಲ. ಯಾಕೆ ಎದ್ದೆ, ಏನಾಯಿತು, ನೀರು ಬೇಕಾ ಎಂದು ಕೇಳುವವರಿಲ್ಲ. ಎದೆ ಹೊಡೆದುಕೊಂಡರೂ ಹೊಡೆದುಕೋ ಎಂದು ಬಿಟ್ಟುಬಿಡುತ್ತೇನೆ, ತಾನೇ ಇಳಿಯುತ್ತದೆ. ಹಾಲಿನವನು ಬರುವುದರೊಳಗೆ ಕೆಳಗೆ.

ಹೇಳಿಬಿಡಬಹುದಿತ್ತು. ಆದರೆ ಈ ಮನೆಯಲ್ಲಿ ಹೆಂಡತಿ ಬೇರೆ ಮಲಗಿದಳು ಎಂದರೆ ಒಂದೇ ಅರ್ಥ. ನಾದಿನಿ ಒಮ್ಮೆ ಹಾಗೆ ಮಾಡಿದಾಗ ತುಮಕೂರಿನಿಂದ ಕಾರು ತುಂಬ ಜನ ಬಂದಿದ್ದರು ರಾಜಿ ಮಾಡಿಸಲು. ಅವಳಿಗೆ ಬೆನ್ನುನೋವು, ಅಷ್ಟೇ.

ಫೆಬ್ರವರಿ 16

ಇವರು ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿದರು. ಬ್ರೋಕರ್ ಪಂಚಾಕ್ಷರಿಗೂ ಹೇಳಿದ್ದಾರಂತೆ. ಕಟ್ಟಲೇಬೇಕು. ಮಗಳು ತನ್ಮಯಿಯ ಹಾಸ್ಟೆಲ್ ಫೀಸು ಆ ಬಾಡಿಗೆಯಿಂದಲೇ ಹೋಗುವುದು, ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೋರ್ಡ್ ನೋಡಲಾಗದೆ ಒಳಗೆ ಹೊರಟೆ. ದಾರ ಸರಿಯಾಗಿ ಬಿಗಿಯಲು ಬಾ ಎಂದು ನನ್ನನ್ನೇ ಕರೆದರು. ಬಿಗಿದು ಬಂದೆ.

ಫೆಬ್ರವರಿ 20

ಪಂಚಾಕ್ಷರಿ ಒಂದು ಜೋಡಿ ಕರೆದುಕೊಂಡು ಬಂದ. ಇಳಕಲ್ ಕಡೆಯವರು. ಕಲ್ಮೇಶ್‌ಗೆ ಪೀಣ್ಯದಲ್ಲಿ ಕೆಲಸ, ಹೆಂಡತಿ ಸುವರ್ಣಾ. ಒಳ್ಳೆಯ ಜನ. ಅದೇ ತೊಂದರೆ, ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಆ ಹುಡುಗಿ ನನ್ನ ಕಿಟಕಿಯ ಹತ್ತಿರವೇ ನಿಂತು, “ಗಾಳಿ ಭಾಳ ಚಲೋ ಬರ್ತದ ನೋಡ್ರಿ,” ಎಂದಳು.

ನಾನು ನೀರಿನ ಮಾತು ತೆಗೆದೆ. ದಿನ ಬಿಟ್ಟು ದಿನ ಬರತ್ತೆ, ಸಂಪ್ ಸಣ್ಣದು, ಕಷ್ಟ ಆಗಬಹುದು.

“ನಮ್ಮ ಕಡೆ ವಾರಕ್ಕೊಮ್ಮೆ ಬರ್ತದರೀ ಅಕ್ಕಾರ,” ಎಂದು ಕಲ್ಮೇಶ್ ನಕ್ಕ. “ಇದು ಅರಮನಿ ಆತು.”

ಭಾನುವಾರ ಅಡ್ವಾನ್ಸ್ ಕೊಡುತ್ತಾರಂತೆ. ಇವರಿಗೆ ಖುಷಿ. ನಾನು ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ. ಸದ್ದಿಗೆ ನಲ್ಲಿ ಜೋರಾಗಿ ಬಿಟ್ಟುಕೊಂಡೆ.

ಫೆಬ್ರವರಿ 23

ಬರಲಿಲ್ಲ. ಪಂಚಾಕ್ಷರಿ ಫೋನ್ ಮಾಡಿದ. ಸ್ಪೀಕರ್‌ನಲ್ಲಿತ್ತು, ನಾನೂ ಕೇಳಿದೆ.

“ಪುರುಷೋತ್ತಮ್ ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಪಕ್ಕದ ಮನೆ ವೆಂಕಟರಮಣಪ್ಪನವರು ಪಾರ್ಟಿಗೆ ಏನೋ ಹೇಳಿಬಿಟ್ಟಿದ್ದಾರೆ. ಆ ಖಾಲಿ ಮನೇಲಿ ರಾತ್ರಿ ಹೊತ್ತು ಒಂದು ಹೆಂಗಸು ಬಿಳೀ ಬಟ್ಟೆ ಹಾಕ್ಕೊಂಡು ಓಡಾಡತ್ತಂತೆ. ಅವರು ಕಣ್ಣಾರೆ ನೋಡಿದ್ರಂತೆ.”

ನನ್ನ ನೈಟಿ ಬಿಳಿ. ಸಣ್ಣ ನೀಲಿ ಹೂ ಇದೆ, ದೂರದಿಂದ ಕಾಣುವುದಿಲ್ಲ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ತಿಂಗಳುಗಳ ನಂತರ ಹಾಗೆ ನಕ್ಕಿದ್ದು. ಹೊರಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಂದು ವಾರ ಸಿಕ್ಕಿತಲ್ಲ ಎನ್ನಿಸಿತು.

ಮಾರ್ಚ್ 4

ಬರೆಯಲು ಮನಸ್ಸೇ ಇರಲಿಲ್ಲ. ಬಂದ ಪಾರ್ಟಿಗಳೆಲ್ಲ ಗೇಟಿನಿಂದಲೇ ವಾಪಸ್. ಕೆಲಸದವಳು ಮೆಟ್ಟಿಲು ತೊಳೆಯುವುದು ಬಿಟ್ಟಿದ್ದಾಳೆ. ಇವರು ಯಾರನ್ನೋ ಹಿಡಿದು ವಾಸ್ತು ತೋರಿಸಿದರು. ಆತ ದಿಕ್ಸೂಚಿ ಹಿಡಿದು ಸುತ್ತಿ, ನೈಋತ್ಯದ ಕಿಟಕಿಯೇ ದೋಷ, ಇಟ್ಟಿಗೆ ಇಟ್ಟು ಮುಚ್ಚಿಸಿಬಿಡಿ ಎಂದ. ನನ್ನ ಕಿಟಕಿ. ಭಾನುವಾರ ಗಾರೆಯವನು ಬರುತ್ತಾನೆ.

ಅದಕ್ಕಿಂತ ಅತ್ತೆಯದ್ದೇ ಚಿಂತೆ. ಎಂಬತ್ತೈದು ವಯಸ್ಸು. ಇಷ್ಟು ವರ್ಷ ತಲೆ ಇಟ್ಟರೆ ನಿದ್ದೆ ಎನ್ನುತ್ತಿದ್ದವರು ಈಗ ದೇವರ ದೀಪ ಆರಿಸದೆ ಕೂತಿರುತ್ತಾರೆ. ಬಾಗಿಲಿಗೆ ನಿಂಬೆಹಣ್ಣು. ಬೆಳಿಗ್ಗೆ ಕಾಫಿ ಕೊಟ್ಟಾಗ ಲೋಟ ಕೆಳಗಿಟ್ಟು ಹತ್ತಿರ ಕರೆದರು.

“ರಾಗಿಣಿ, ಮೇಲೆ ಹೆಜ್ಜೆ ಸದ್ದು ನಿನಗೂ ಕೇಳತ್ತಾ?”

“ಇಲ್ಲ ಅತ್ತೆ.”

“ನನಗೊಬ್ಬಳಿಗೇನಾ ಹಂಗಾದ್ರೆ,” ಎಂದರು.

ನನ್ನ ನಿದ್ದೆಗಾಗಿ ಅವರ ನಿದ್ದೆ ಕಿತ್ತುಕೊಂಡಿದ್ದೇನೆ. ಛೀ. ಮೇಲೆ ಹೋಗುವುದು ಇವತ್ತಿನಿಂದ ಬಂದ್.

ಮಾರ್ಚ್ 9, ಭಾನುವಾರ

ಹೇಳಿಬಿಟ್ಟೆ. ದೋಸೆ ಹುಯ್ಯುತ್ತಾ, ಬೆನ್ನು ಹಾಕಿಕೊಂಡೇ.

“ಗಾರೆಯವನಿಗೆ ಬರಬೇಡ ಅನ್ನಿ. ಮೇಲೆ ಓಡಾಡ್ತಿದ್ದಿದ್ದು ನಾನೇ.”

ಹಿಂದೆ ತಟ್ಟೆಯ ಸದ್ದು ನಿಂತಿತು. “ನೀನಾ? ಯಾಕೇ?” ಎಂದರು ಇವರು. “ಫ್ಯಾನ್‌ಗೋಸ್ಕರನಾ?”

ಫ್ಯಾನ್‌ಗೋಸ್ಕರ ಅಲ್ಲ ಎಂದೆ. ಆಮೇಲೆ ಎಲ್ಲ ಬಂತು, ತಡೆಯಲಾಗಲಿಲ್ಲ. ಬೆವರು, ಎದೆ, ಗ್ಯಾಸ್ ನೋಡಲು ವಾಪಸ್ ಬಂದದ್ದು, ತನ್ಮಯಿ ಫೋನ್ ಎತ್ತದಿದ್ದರೆ ಅವಳು ಸತ್ತೇ ಹೋದಳು ಎನ್ನಿಸುವುದು. ಮುಟ್ಟು ತಿಂಗಳುಗಟ್ಟಲೆ ನಿಂತು ಮತ್ತೆ ಬರುವುದು. ಅತ್ತೆಯ ಎದುರಿಗೆ, ಇವರ ಎದುರಿಗೆ ಆ ಮಾತು ಬಾಯಿಬಿಟ್ಟು ಆಡಿದ್ದು ಮದುವೆಯಾದ ಮೇಲೆ ಇದೇ ಮೊದಲು. ಡಾಕ್ಟರ್ ಹೇಳಿದ್ದನ್ನೂ ಹೇಳಿದೆ. ದೋಸೆ ಸೀದುಹೋಯಿತು.

“ನಾನೇನು ಪರದೇಶದಲ್ಲಿದ್ನಾ? ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ?” ಇವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. “ಏನು ಹುಚ್ಚಾಟ ಇದು.”

“ಹುಚ್ಚು ಅನ್ಬೇಡ ಕಣೋ ಅವಳನ್ನ,” ಎಂದರು ಅತ್ತೆ.

ಅವರು ಮಗನಿಗೆ ಎದುರಾಡಿದ್ದು ನಾನು ನೋಡಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಶುರುಮಾಡಿದರು. ದಿನಸಿ ಅಂಗಡಿಯ ವಿಷಯ ಹೇಳುವಂಥ ಅದೇ ದನಿ.

“ನನಗೂ ಹಿಂಗೇ ಆಗ್ತಿತ್ತು. ರಾಜಾಜಿನಗರದ ವಠಾರದಲ್ಲಿದ್ದಾಗ. ನೀನು ಆಗ ಎಸ್ಸೆಸ್ಸೆಲ್ಸಿಗೆ ನಿಮ್ಮಜ್ಜಿ ಮನೇಲಿದ್ದೆ. ಒಳಗಡೆ ಬೆಂಕಿ ಬೆಂಕಿ ಅನ್ನೋದು. ರಾತ್ರಿ ಎದ್ದು ಹೋಗಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂರ್ತಿದ್ದೆ. ತಣ್ಣಗಿರ್ತಿತ್ತು. ತಲೆ ಕೆದರಿಕೊಂಡು ಕೂತಿರ್ತಾಳೆ ಅಂತ ಯಾರೋ ನಿಮ್ಮಪ್ಪಂಗೆ ಹೇಳಿದ್ರು. ಗಾಳಿ ಸೋಕಿದೆ ಅಂತ ಕರ್ಕೊಂಡು ಹೋಗಿ, ಬೇವಿನ ಸೊಪ್ಪಲ್ಲಿ ಹೊಡೆಸಿ, ಇದು ಕಟ್ಟಿಸಿದ್ರು.”

ರವಿಕೆಯ ತೋಳು ಸರಿಸಿದರು. ಕಪ್ಪು ದಾರ, ಒಂದು ತಾಯಿತ. ಸ್ನಾನಕ್ಕೆ ನೀರು ಹಾಕುವಾಗ ಎಷ್ಟೋ ಸಲ ನೋಡಿದ್ದೇನೆ. ಏನೋ ದೇವರದ್ದು ಅಂದುಕೊಂಡಿದ್ದೆ.

“ವಾಸಿ ಆಯ್ತಾ ಅತ್ತೆ?”

“ಕಲ್ಲಿನ ಹತ್ರ ಹೋಗೋದು ನಿಲ್ಲಿಸಿದೆ. ಅದಕ್ಕೇ ವಾಸಿ ಆಯ್ತು ಅಂದ್ಕೊಂಡ್ರು.” ತೋಳು ಮುಚ್ಚಿಕೊಂಡು ಹೇಳಿದರು, “ಈಗ ಮೇಲೆ ಸದ್ದು ಕೇಳಿದಾಗ... ನನ್ನದೇ ವಾಪಸ್ ಬಂತು, ನನ್ನ ಮನೆ ಹುಡುಕ್ಕೊಂಡು ಬಂತು ಅಂದ್ಕೊಂಡೆ ಕಣಮ್ಮ.”

ಇವರು ಎದ್ದು ಹೊರಗೆ ಹೋದರು. ಬಹಳ ಹೊತ್ತು ಗೇಟಿನ ಹತ್ತಿರ ನಿಂತಿದ್ದರು. ಗಾರೆಯವನು ಬಂದಾಗ ಅವನಿಗೇನೋ ಹೇಳಿ ಕಳಿಸಿದರು.

ಮಾರ್ಚ್ 12

ಇವರು ವೆಂಕಟರಮಣಪ್ಪನವರ ಮನೆಗೆ ತಾವೇ ಹೋಗಿ, “ಅದು ನಮ್ಮ ಮನೆಯವಳೇ ಸಾರ್, ಸೆಕೆಗೆ ಮೇಲೆ ಮಲಗ್ತಾಳೆ,” ಎಂದು ಹೇಳಿ ಬಂದರು. ಕಿವಿ ಕೆಂಪಾಗಿತ್ತು. ಆಮೇಲೆ ಕಲ್ಮೇಶ್‌ಗೆ ಫೋನ್. ಹಾಲ್, ಅಡುಗೆಮನೆ, ದೊಡ್ಡ ರೂಮು ಅವರಿಗೆ. ಮೆಟ್ಟಿಲ ಪಕ್ಕದ ಸಣ್ಣ ರೂಮು ನಮಗೆ. ಬಾಡಿಗೆ ಸ್ವಲ್ಪ ಇಳಿಯುತ್ತದೆ, ನೋಡೋಣ ಎಂದರು. ಕಲ್ಮೇಶ್ ಒಂದೇ ಪ್ರಶ್ನೆ ಕೇಳಿದನಂತೆ: “ಅಕ್ಕಾರೇ ಅಂತ ಖಾತ್ರಿ ಐತಲ್ರೀ ಸರ?”

ಹಳೆಯ ಮಂಚ ಮೇಲೆ ಹೋಯಿತು. ಮಂಚದ ಕಾಲು ಹಿಡಿದು ಹತ್ತುವಾಗ ಇವರು, “ಮಧ್ಯೆ ಗಾಬರಿ ಆದ್ರೆ ಫೋನ್ ಮಾಡು. ಎತ್ತುತೀನಿ,” ಎಂದರು. ಗೊರಕೆ ಹೊಡೆಯುವವರು ಎತ್ತುತ್ತಾರೋ ಇಲ್ಲವೋ. ಹೇಳಿದರಲ್ಲ, ಸಾಕು.

ಮಾರ್ಚ್ 16, ಭಾನುವಾರ, ಸಂಜೆ

ರಿಪೋರ್ಟ್ ನೋಡಿ ಡಾಕ್ಟರ್ ಮಾತ್ರೆ ಶುರುಮಾಡಿದ್ದಾರೆ. ಎಲ್ಲ ದಿನವೂ ನಿದ್ದೆ ಬರುತ್ತದೆ ಎಂದಲ್ಲ. ನಿನ್ನೆ ಬರಲಿಲ್ಲ. ಆದರೆ ಬರದಿದ್ದರೆ ಬರಲಿಲ್ಲ, ಅಷ್ಟೇ. ಗ್ಯಾಸ್ ನೋಡಲು ಇವತ್ತೂ ಎರಡು ಸಲ ಹೋದೆ.

ಮಧ್ಯಾಹ್ನ ಅತ್ತೆ ಮೇಲೆ ಬಂದರು. ಮಂಡಿ ನೋವು ಅಂತ ಮೆಟ್ಟಿಲು ಹತ್ತುವುದೇ ಬಿಟ್ಟವರು, ಕಂಬಿ ಹಿಡಿದು, ನಿಂತು ನಿಂತು ಬಂದರು. ಮಂಚದ ಮೇಲೆ ಕೂತು ಉಸಿರು ತೆಗೆದುಕೊಂಡರು.

“ನಿನ್ನ ಡಾಕ್ಟರಮ್ಮ ಇದಕ್ಕೆ ಏನೋ ಹೆಸರು ಹೇಳಿದ್ರಲ್ಲ, ಏನದು?”

“ಮೆನೋಪಾಸ್.”

ಅವರೂ ಒಂದು ಸಲ ಅಂದು ನೋಡಿದರು. “ಎಲ್ಲರಿಗೂ ಬರತ್ತಾ?”

“ಎಲ್ಲಾ ಹೆಂಗಸರಿಗೂ ಬರತ್ತೆ ಅತ್ತೆ. ಒಬ್ಬೊಬ್ಬರಿಗೆ ಒಂದೊಂದು ಥರ.”

“ಹಂಗಾದ್ರೆ ನನಗೆ ಏನೂ ಹಿಡಿದಿರ್ಲಿಲ್ಲ,” ಎಂದರು. ಕೇಳಿದ್ದಲ್ಲ. ಹೇಳಿದ್ದು.

ಆಮೇಲೆ ತೋಳು ಮುಂದೆ ಚಾಚಿದರು. ಗಂಟು ಬಿಚ್ಚಲು ನೋಡಿದೆ, ಕಲ್ಲಾಗಿಬಿಟ್ಟಿತ್ತು. ಒಂದು ಒಳ್ಳೆಯ ದಿನ ನೋಡಿ ತೆಗೆಯೋಣವಾ ಎಂದೆ. ಈಗಲೇ ಎಂದರು. ಕೆಳಗಿನಿಂದ ಕತ್ತರಿ ತಂದೆ. ದಾರ ಕತ್ತರಿಸಿದೆ. ತಾಯಿತ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಹಾಗೇ ನನ್ನ ಮಂಚದ ಮೇಲೆ ಕಾಲು ಚಾಚಿದವರು ಇನ್ನೂ ಮಲಗಿದ್ದಾರೆ. ಫ್ಯಾನು ಐದರಲ್ಲಿದೆ. ಕಮ್ಮಿ ಮಾಡಲೇ ಎಂದರೆ ಬೇಡ ಎಂದಿದ್ದರು.

ನಾನು ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಅತ್ತೆಯ ತೋಳಿನ ಸುತ್ತ ದಾರ ಕೂತಿದ್ದ ಕಡೆ ಬೆಳ್ಳಗೆ, ಆಳವಾಗಿ ಗೆರೆ ಬಿದ್ದಿದೆ. ಕಣ್ಣು ಮುಚ್ಚುವ ಮೊದಲು ಬೆರಳಿನಿಂದ ಅದನ್ನು ಉಜ್ಜಿ ಉಜ್ಜಿ ನೋಡಿ, “ಇದು ಹೋಗತ್ತಾ?” ಎಂದು ಕೇಳಿದರು. ಹೋಗತ್ತೆ ಎಂದೆ. ಇಷ್ಟು ವರ್ಷದ್ದು, ಹೋಗುತ್ತದೋ ಇಲ್ಲವೋ.